ಅಂಟಿಸುವ ಮೊದಲು ಅಳೆಯಿರಿ
ಪ್ರೊಜೆಕ್ಟರ್ ಲೆನ್ಸನ್ನು ಕ್ಯಾಮೆರಾಗೆ ಜೋಡಿಸುವ ಬಗೆಗಿನ ನಿಮ್ಮ ಲೇಖನ, ಲೆನ್ಸಿನ ಹಿಂದೆ ಹೆಲಿಕಾಯ್ಡ್ (ತಿರುಗಿಸಿದಂತೆ ಉದ್ದ ಬದಲಾಗುವ ಫೋಕಸ್ ಕೊಳವೆ) ಅಂಟಿಸಿದರೆ ಸಾಕು, ಯಾವ ಕ್ಯಾಮೆರಾಗಾದರೂ ಹೊಂದುತ್ತದೆ ಎಂದು ಹೇಳುತ್ತದೆ. ಇದನ್ನು ಒಪ್ಪುವುದು ಕಷ್ಟ. ಮೊದಲು ಕತ್ತಲೆ ಕೋಣೆಯಲ್ಲಿ ಕಿಟಕಿಯಾಚೆಯ ದೂರದ ಮರ ಬಿಳಿ ಹಾಳೆಯ ಮೇಲೆ ಸ್ಪಷ್ಟವಾಗಿ ಮೂಡುವಂತೆ ಲೆನ್ಸ್ ಹಿಡಿದು, ಅದರ ಹಿಂದಿನ ಅಂಚಿನಿಂದ ಹಾಳೆಗಿರುವ ಅಂತರ ಅಳೆಯಿರಿ. ಸೋನಿ ಕ್ಯಾಮೆರಾದ ಇ ಮೌಂಟಿನಿಂದ (ಲೆನ್ಸ್ ಕೂರುವ ಉಂಗುರ) ಚಿತ್ರ ಮೂಡುವ ಸೆನ್ಸರಿಗೆ 18 ಮಿ.ಮೀ., 17ರಿಂದ 31 ಮಿ.ಮೀ.ವರೆಗೆ ಉದ್ದವಾಗುವ ಹೆಲಿಕಾಯ್ಡ್ ಪೂರ್ತಿ ಮುಚ್ಚಿದಾಗ 17, ಒಟ್ಟು 35. ನಿಮ್ಮ ಅಳತೆ ಇದಕ್ಕಿಂತ ಕಡಿಮೆಯಿದ್ದರೆ, ಲೆನ್ಸಿನ ಕೊಳವೆ ಹೆಲಿಕಾಯ್ಡಿನೊಳಗೆ ಇಳಿಯದ ಹೊರತು ದೂರದ ದೃಶ್ಯಕ್ಕೆ ಫೋಕಸ್ ಸಿಗುವುದೇ ಇಲ್ಲ. ನಿಕಾನ್ ಡಿಎಸ್‌ಎಲ್‌ಆರ್‌ನಲ್ಲಂತೂ ಮೌಂಟಿನಿಂದ ಸೆನ್ಸರಿಗೇ 46.5 ಮಿ.ಮೀ. ಹೋಗುತ್ತದೆ.

ಸೂಪರ್ ಗ್ಲೂನಿಂದ ಅಂಟಿಸಿ ಎಂಬ ಲೇಖನದ ಸಲಹೆಯನ್ನು ದಯವಿಟ್ಟು ತೆಗೆದುಹಾಕಿ. ಅದರ ಆವಿ ಗಾಜಿನ ಮೇಲೆ ಬಿಳಿ ಪೊರೆಯಾಗಿ ಕೂರುತ್ತದೆ, ಅಷ್ಟು ಒಳ್ಳೆಯ ಗಾಜು ಹಾಳಾಗುತ್ತದೆ. ಲೆನ್ಸನ್ನು ಹಿಡಿದಿಡಲು ಅದರ ಸುತ್ತ 120 ಡಿಗ್ರಿ ಅಂತರದ ಮೂರು ಸಣ್ಣ ಸ್ಕ್ರೂಗಳು ಸಾಕು. ಮೂರನ್ನೂ ಸರದಿಯಂತೆ ಸ್ವಲ್ಪಸ್ವಲ್ಪವೇ ಬಿಗಿಯಿರಿ. ಒಂದನ್ನೇ ಒಮ್ಮೆಗೆ ಬಿಗಿದರೆ ಲೆನ್ಸ್ ವಾಲಿ ಚಿತ್ರದ ಒಂದು ಬದಿ ಮಸುಕಾಗುತ್ತದೆ.

ಈ ಲೆನ್ಸುಗಳಲ್ಲಿ ಸಾಮಾನ್ಯವಾಗಿ ಅಪರ್ಚರ್ (ಬೆಳಕಿನ ರಂಧ್ರವನ್ನು ಕಿರಿದು-ಹಿರಿದು ಮಾಡುವ ವ್ಯವಸ್ಥೆ) ಇರುವುದಿಲ್ಲ ಎಂಬ ಕೊರಗಿಗೂ ಸುಲಭ ಉಪಾಯವಿದೆ: 100 ಮಿ.ಮೀ. ಫೋಕಲ್ ಲೆಂಗ್ತ್‌ನ ಲೆನ್ಸಿನ ಮುಂದೆ 25 ಮಿ.ಮೀ. ರಂಧ್ರದ ಕಪ್ಪು ಕಾಗದ ಇಟ್ಟರೆ ಅಪರ್ಚರ್ ಸುಮಾರು ಎಫ್/4 (100 ÷ 25) ಆಗುತ್ತದೆ. ಮೂಲೆಗಳು ಕಪ್ಪಾದರೆ ರಂಧ್ರವನ್ನು ಕೊಂಚ ದೊಡ್ಡದು ಮಾಡಿ.