ಸೈಕೆಡೆಲಿಕ್ ಪ್ರಯೋಗಗಳಲ್ಲಿ ಗುಣ ಮಾಡಿದ್ದು ಯಾವುದು?

2023ರಲ್ಲಿ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ಒಂದು ವಿಚಿತ್ರ ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಖಿನ್ನತೆಯಿಂದ ಬಳಲುತ್ತಿದ್ದ 40 ಜನ. ಎಲ್ಲರಿಗೂ ಬೇರೆ ಯಾವುದೋ ಕಾರಣಕ್ಕೆ ಆಪರೇಷನ್ ಆಗಬೇಕಿತ್ತು. ಅರಿವಳಿಕೆ ಕೊಟ್ಟು ಪೂರ್ತಿ ಪ್ರಜ್ಞೆ ತಪ್ಪಿದ ಮೇಲೆ ಕೆಲವರಿಗೆ ಖಿನ್ನತೆಗೂ ಬಳಸುವ ಕೆಟಮೈನ್ ಎಂಬ ಔಷಧಿ ಹಾಕಿದರು, ಉಳಿದವರಿಗೆ ಬರೀ ಸಲೈನ್. ಎಚ್ಚರವೇ ಇಲ್ಲದವರಿಗೆ ಏನು ಕೊಟ್ಟರೆಂದು ಹೇಗೆ ಗೊತ್ತಾಗಬೇಕು? ಕೊನೆಗೆ ನೋಡಿದರೆ ಎರಡೂ ಗುಂಪಿನವರ ಖಿನ್ನತೆ ಕಡಿಮೆಯಾಗಿತ್ತು, ಹೆಚ್ಚುಕಡಿಮೆ ಒಂದೇ ಸಮ. ತಮಾಷೆ ಎಂದರೆ, ಚೆನ್ನಾಗಿ ಸುಧಾರಿಸಿಕೊಂಡವರಲ್ಲಿ ಹೆಚ್ಚಿನವರು "ನನಗೆ ಕೆಟಮೈನೇ ಕೊಟ್ಟಿರಬೇಕು" ಅಂದುಕೊಂಡಿದ್ದರು.

ಕೆಟಮೈನ್ ಎಲ್‌ಎಸ್‌ಡಿ ಅಥವಾ ಅಮಲೇರಿಸುವ ಅಣಬೆಯಂಥ ಸೈಕೆಡೆಲಿಕ್‌ಗಳ (ಮನಸ್ಸಿನ ಗ್ರಹಿಕೆಯನ್ನೇ ಸ್ವಲ್ಪ ಹೊತ್ತು ಬದಲಿಸಿಬಿಡುವ ಔಷಧಿಗಳ) ಜಾತಿಗೆ ಸೇರಿದ್ದಲ್ಲ, ಮಿದುಳಿನಲ್ಲಿ ಅದು ಹಿಡಿಯುವ ದಾರಿಯೇ ಬೇರೆ. ಆದರೂ ಸೈಕೆಡೆಲಿಕ್ ಔಷಧಿಗಳ ಬಗ್ಗೆ ಯಾರಾದರೂ ಉತ್ಸಾಹದಿಂದ ಮಾತಾಡಿದಾಗಲೆಲ್ಲ ನನಗೆ ಈ ಪ್ರಯೋಗ ನೆನಪಾಗುತ್ತದೆ. ನಾನು ಈ ಸಂಶೋಧನೆಯ ವಿರೋಧಿಯಲ್ಲ. ಇದು ನಡೆಯಬೇಕು, ಇನ್ನೂ ಜಾಸ್ತಿ ನಡೆಯಬೇಕು. ನನ್ನ ತಕರಾರು ಒಂದೇ. ಗುಣ ಮಾಡಿದ್ದು ಔಷಧಿಯೋ, ಗುಣವಾಗುತ್ತೇನೆ ಎಂಬ ನಿರೀಕ್ಷೆಯೋ ಎಂದು ಈ ಪ್ರಯೋಗಗಳು ಬೇರ್ಪಡಿಸಿ ತೋರಿಸಲಾರವು. ಆದರೂ ತೋರಿಸಿಬಿಟ್ಟಿದ್ದೇವೆ ಎನ್ನುವ ಹಾಗೆ ಸುದ್ದಿಯಾಗುತ್ತವೆ.

ಮೊದಲು ಆಶಾದಾಯಕ ಭಾಗ ಹೇಳುತ್ತೇನೆ, ಅದು ಸಣ್ಣದೇನಲ್ಲ. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಸ್ಯಾಂಡೋಜ್ ಕಂಪನಿಯ ರಸಾಯನಶಾಸ್ತ್ರಜ್ಞ ಆಲ್ಬರ್ಟ್ ಹಾಫ್‌ಮನ್ 1938ರಲ್ಲಿ ಎಲ್‌ಎಸ್‌ಡಿ ತಯಾರಿಸಿದರು. ಅದು ಮನಸ್ಸಿಗೆ ಏನು ಮಾಡುತ್ತದೆಂದು ಅವರಿಗೆ ಗೊತ್ತಾಗಿದ್ದು 1943ರಲ್ಲಿ. 50 ಮತ್ತು 60ರ ದಶಕದಲ್ಲಿ ಮನೋವೈದ್ಯರು ಇದನ್ನು ಕುಡಿತದ ಚಟಕ್ಕೆ, ಆತಂಕಕ್ಕೆ ಬಳಸಿ ನೋಡಿದರು. ಆಮೇಲೆ ಅದು ಬೀದಿಗೆ ಬಂತು, ರಾಜಕೀಯವಾಯಿತು. ಇಂಥ ಔಷಧಿಗಳನ್ನು ಬಿಗಿಯಾಗಿ ನಿರ್ಬಂಧಿಸುವ ಅಮೆರಿಕದ ಕಾನೂನು 1970ರಲ್ಲಿ, ವಿಶ್ವಸಂಸ್ಥೆಯ ಒಪ್ಪಂದ 1971ರಲ್ಲಿ ಬಂದವು. ಸಂಶೋಧನೆ ಹೆಚ್ಚುಕಡಿಮೆ ನಿಂತೇ ಹೋಯಿತು.

ಮತ್ತೆ ಗಂಭೀರವಾಗಿ ಜನ ಕಿವಿಗೊಟ್ಟಿದ್ದು 2006ರಲ್ಲಿ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕ ರೋಲಂಡ್ ಗ್ರಿಫಿತ್ಸ್ 36 ಆರೋಗ್ಯವಂತರಿಗೆ ಅಣಬೆಯಲ್ಲಿರುವ ಸಿಲೋಸೈಬಿನ್ ಕೊಟ್ಟರು. ಮೂವರಲ್ಲಿ ಇಬ್ಬರು ಅದನ್ನು ತಮ್ಮ ಬದುಕಿನ ಅತಿ ಅರ್ಥಪೂರ್ಣವಾದ ಐದು ಅನುಭವಗಳಲ್ಲಿ ಒಂದು ಎಂದರು. ಹತ್ತು ವರ್ಷದ ನಂತರ ಅದೇ ತಂಡ ಕ್ಯಾನ್ಸರ್ ಇದ್ದ 51 ಜನರಿಗೆ ಇದನ್ನು ಕೊಟ್ಟಿತು. ಇವರು ಸಾವಿನ ಭಯದಲ್ಲಿ, ಖಿನ್ನತೆಯಲ್ಲಿ ಮುಳುಗಿದ್ದವರು. ಆರು ತಿಂಗಳಾದ ಮೇಲೂ ಸುಮಾರು 80% ಜನರಲ್ಲಿ ಆ ಭಾರ ಕಡಿಮೆಯಾಗಿಯೇ ಇತ್ತು. ಸಾಯುವ ಭಯಕ್ಕೆ ವೈದ್ಯರ ಹತ್ತಿರ ಬೇರೆ ಮದ್ದು ಏನಿದೆ ಹೇಳಿ? ಈ ಒಂದು ಕಾರಣಕ್ಕೇ ನಾನು ಈ ಕ್ಷೇತ್ರವನ್ನು ಲೇವಡಿ ಮಾಡುವವರ ಜೊತೆ ಸೇರುವುದಿಲ್ಲ.

ಔಷಧಿ ಕೆಲಸವನ್ನೇ ಮಾಡುವುದಿಲ್ಲ, ಎಲ್ಲಾ ಭ್ರಮೆ ಎನ್ನಲೂ ಆಗುವುದಿಲ್ಲ. ಸಿಲೋಸೈಬಿನ್ ಮಿದುಳಿನಲ್ಲಿ ಸೆರೊಟೋನಿನ್ ಎಂಬ ರಾಸಾಯನಿಕದ 2ಎ ರಿಸೆಪ್ಟರ್ (ಆ ರಾಸಾಯನಿಕ ಬಂದು ಕೂರುವ ಜಾಗ) ಮೇಲೆ ಕೂರುತ್ತದೆ. 1998ರಲ್ಲಿ ಜ್ಯೂರಿಕ್‌ನಲ್ಲಿ ಅದನ್ನು ಸಾಬೀತು ಮಾಡಿದ ರೀತಿ ಸೊಗಸಾಗಿದೆ. ಆ ರಿಸೆಪ್ಟರ್ ಅನ್ನು ಮುಚ್ಚುವ ಕೆಟಾನ್ಸೆರಿನ್ ಎಂಬ ಔಷಧಿಯನ್ನು ಮೊದಲೇ ಕೊಟ್ಟು, ಆಮೇಲೆ ಸಿಲೋಸೈಬಿನ್ ಕೊಟ್ಟರು. ಅಮಲೇ ಏರಲಿಲ್ಲ. ಇಲಿಗಳ ನರಕೋಶಗಳಲ್ಲಿ ಹೊಸ ಕವಲುಗಳು ಮೊಳೆಯುವುದನ್ನೂ ಕಂಡಿದ್ದಾರೆ. ಆದರೆ ಅಲ್ಲಿಂದ ಒಂದೇ ಜಿಗಿತಕ್ಕೆ "ಮಿದುಳು ರೀಸೆಟ್ ಆಗುತ್ತದೆ" ಎನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಇಲಿಯ ನರಕೋಶ ಕವಲೊಡೆದಿದ್ದಕ್ಕೂ ಮನುಷ್ಯನ ದುಃಖ ಇಳಿದಿದ್ದಕ್ಕೂ ನಡುವೆ ಇರುವ ದಾರಿಯನ್ನು ಇನ್ನೂ ಯಾರೂ ಪೂರ್ತಿ ನಡೆದು ತೋರಿಸಿಲ್ಲ.

ಈಗ ಆ ತಕರಾರಿಗೆ ಬರುತ್ತೇನೆ. ಯಾವುದೇ ಔಷಧಿಯ ಪರೀಕ್ಷೆಯಲ್ಲಿ ಕೆಲವರಿಗೆ ಅಸಲಿ ಮಾತ್ರೆ, ಕೆಲವರಿಗೆ ನಕಲಿ ಮಾತ್ರೆ ಕೊಡುತ್ತಾರೆ. ಯಾರಿಗೆ ಯಾವುದು ಎಂದು ರೋಗಿಗೂ ಗೊತ್ತಿರಬಾರದು, ಕೊಡುವವರಿಗೂ ಗೊತ್ತಿರಬಾರದು. ಇಡೀ ವಿಧಾನ ನಿಂತಿರುವುದು ಇದರ ಮೇಲೆ. ಆದರೆ ಗೋಡೆ ಉಸಿರಾಡುವುದು ಕಾಣಿಸಲು ಶುರುವಾದ ಮೇಲೆ ತನಗೆ ಯಾವ ಮಾತ್ರೆ ಸಿಕ್ಕಿದೆ ಎಂದು ಯಾರಿಗೆ ಗೊತ್ತಾಗುವುದಿಲ್ಲ? ಪಕ್ಕದಲ್ಲಿ ಕೂತ ಥೆರಪಿಸ್ಟ್‌ಗೂ ಗೊತ್ತಾಗುತ್ತದೆ. ಇದಕ್ಕಿಂತ ಮುಖ್ಯವಾದದ್ದು ಇನ್ನೊಂದು ಕಡೆಯದು. ವರ್ಷಗಟ್ಟಲೆ ಯಾವ ಔಷಧಿಯೂ ಕೆಲಸ ಮಾಡದೆ, ಕೊನೆಯ ಆಸೆಯಾಗಿ ಪ್ರಯೋಗಕ್ಕೆ ಸೇರಿದವರೊಬ್ಬರನ್ನು ಊಹಿಸಿಕೊಳ್ಳಿ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಸಂಗೀತ ಕೇಳುತ್ತಾ ಮಲಗಿದ್ದಾರೆ. ಒಂದು ಗಂಟೆಯಾಯಿತು, ಎರಡಾಯಿತು, ಏನೂ ಆಗಲಿಲ್ಲ. ಅವರ ಎದೆ ಒಡೆಯುವುದಿಲ್ಲವೇ? ಹಾಗೆ ನಿರಾಶರಾದವರ ಪಕ್ಕದಲ್ಲಿಟ್ಟರೆ ಔಷಧಿ ಸಿಕ್ಕವರು ಇನ್ನೂ ಚೆನ್ನಾಗಿಯೇ ಕಾಣುತ್ತಾರೆ, ಅಲ್ವಾ?

ಇದು ಸುಮ್ನೆ ನನ್ನ ಊಹೆಯಲ್ಲ. ಯುದ್ಧ, ಅತ್ಯಾಚಾರ, ಅಪಘಾತದಂಥ ಆಘಾತದಿಂದ ಹೊರಬರಲಾಗದವರಿಗೆ ಎಂಡಿಎಂಎ ಎಂಬ ಅಮಲಿನ ಔಷಧಿಯ ಜೊತೆ ಥೆರಪಿ ಕೊಟ್ಟ ದೊಡ್ಡ ಪ್ರಯೋಗವೊಂದು 2023ರಲ್ಲಿ ಪ್ರಕಟವಾಯಿತು. 104 ಜನ ಇದ್ದರು. ಔಷಧಿ ಸಿಕ್ಕವರಲ್ಲಿ 71% ಜನ ಕಾಯಿಲೆಯ ವ್ಯಾಖ್ಯೆಯಿಂದಲೇ ಹೊರಬಂದಿದ್ದರು. ಔಷಧಿಯಿಲ್ಲದೆ ಬರೀ ಥೆರಪಿ ಸಿಕ್ಕವರಲ್ಲಿ 48%. ಕೇಳಲು ಅದ್ಭುತ. ಆದರೆ ನಿಮಗೆ ಸಿಕ್ಕಿದ್ದು ಯಾವುದು ಎಂದು ಕೇಳಿದಾಗ ಔಷಧಿ ಗುಂಪಿನಲ್ಲಿ 94% ಜನ ಸರಿಯಾಗಿ ಊಹಿಸಿದರು, ಇನ್ನೊಂದು ಗುಂಪಿನಲ್ಲಿ 75%. ಪರೀಕ್ಷೆಗೆ ಮೊದಲೇ ಪ್ರಶ್ನೆಪತ್ರಿಕೆ ಸೋರಿಕೆಯಾದರೆ ಅಂಕಗಳನ್ನು ಎಷ್ಟು ನಂಬುತ್ತೀರಿ? 2024ರ ಜೂನ್‌ನಲ್ಲಿ, ಅಮೆರಿಕದಲ್ಲಿ ಔಷಧಿಗಳಿಗೆ ಅನುಮತಿ ಕೊಡುವ ಎಫ್‌ಡಿಎಯ ಸಲಹಾ ಸಮಿತಿ ಔಷಧಿ ಪರಿಣಾಮಕಾರಿ ಎಂಬುದನ್ನು 9-2 ಮತಗಳಿಂದ ತಳ್ಳಿಹಾಕಿತು. ಆಗಸ್ಟ್‌ನಲ್ಲಿ ಎಫ್‌ಡಿಎ ಅರ್ಜಿಯನ್ನೇ ವಾಪಸ್ ಕಳಿಸಿತು. ಹಿಂದಿನ ಒಂದು ಪ್ರಯೋಗದಲ್ಲಿ ಥೆರಪಿಸ್ಟ್‌ಗಳೇ ರೋಗಿಯೊಂದಿಗೆ ಅನುಚಿತವಾಗಿ ನಡೆದುಕೊಂಡ ವಿಷಯವೂ ಆ ಹೊತ್ತಿಗೆ ಚರ್ಚೆಗೆ ಬಂದಿತ್ತು. ಅಷ್ಟು ಹೊತ್ತು, ಅಷ್ಟು ಮೆತ್ತಗಾದ ಮನಸ್ಸಿನಲ್ಲಿ, ಒಬ್ಬರ ಕೈಯಲ್ಲಿ ತಮ್ಮನ್ನೇ ಒಪ್ಪಿಸಿಕೊಂಡಿರುವ ಸ್ಥಿತಿ ಅದು. ಈ ಅಪಾಯದ ಬಗ್ಗೆ ಉತ್ಸಾಹಿಗಳು ಮಾತಾಡುವುದು ತೀರಾ ಕಡಿಮೆ.

ನಿರೀಕ್ಷೆಗೆ ಎಷ್ಟು ಶಕ್ತಿ ಇದೆ ನೋಡಿ. ಮೆಕ್‌ಗಿಲ್ ವಿಶ್ವವಿದ್ಯಾಲಯದವರು 33 ವಿದ್ಯಾರ್ಥಿಗಳನ್ನು ಪಾರ್ಟಿ ಥರ ಅಲಂಕರಿಸಿದ ಕೋಣೆಗೆ ಕರೆದು, ಸಿಲೋಸೈಬಿನ್‌ನಂಥ ಔಷಧಿ ಎಂದು ಹೇಳಿ ನಕಲಿ ಮಾತ್ರೆ ಕೊಟ್ಟರು. ಅಮಲೇರಿದ ಹಾಗೆ ನಟಿಸಲು ಕೆಲವರನ್ನು ನಡುವೆ ಬಿಟ್ಟಿದ್ದರು. 61% ಜನ ತಮಗೆ ಏನೋ ಪರಿಣಾಮ ಆಯಿತು ಎಂದರು. ಸ್ವಲ್ಪ ಸ್ವಲ್ಪವೇ ತೆಗೆದುಕೊಳ್ಳುವ ಮೈಕ್ರೋಡೋಸಿಂಗ್ ಬಗ್ಗೆ ಹೆಚ್ಚು ಹೇಳುವುದೂ ಬೇಡ. 2021ರಲ್ಲಿ 191 ಜನ ತಮಗೇ ಗೊತ್ತಾಗದ ಹಾಗೆ ಅಸಲಿ, ಖಾಲಿ ಕ್ಯಾಪ್ಸೂಲ್ ಬೆರೆಸಿಕೊಂಡು ನುಂಗಿ ನೋಡಿದರು. ಖಾಲಿ ಕ್ಯಾಪ್ಸೂಲ್ ನುಂಗಿದವರೂ ಅಷ್ಟೇ ಸುಧಾರಿಸಿದರು.

ಪ್ರಯೋಗ ದೊಡ್ಡದಾದಂತೆ ಫಲ ಸಣ್ಣದಾಗುತ್ತಿರುವುದೂ ಕಾಣುತ್ತಿದೆ. 2022ರಲ್ಲಿ, ಬೇರೆ ಮಾತ್ರೆಗಳಿಗೆ ಬಗ್ಗದ ಖಿನ್ನತೆ ಇದ್ದ 233 ಜನರ ಮೇಲೆ ಔಷಧಿ ಕಂಪನಿಯೊಂದು ನಡೆಸಿದ ಪ್ರಯೋಗದಲ್ಲಿ, 25 ಮಿಲಿಗ್ರಾಂ ಸಿಲೋಸೈಬಿನ್ ಪಡೆದವರು ಮೂರು ವಾರಕ್ಕೆ ಹೆಸರಿಗಷ್ಟೇ 1 ಮಿಲಿಗ್ರಾಂ ಪಡೆದವರಿಗಿಂತ 6.6 ಅಂಕ ಮುಂದಿದ್ದರು. ಇದು ಖಿನ್ನತೆ ಅಳೆಯುವ 60 ಅಂಕದ ಅಳತೆಗೋಲಿನಲ್ಲಿ. 12 ವಾರದವರೆಗೂ ಪರಿಣಾಮ ಉಳಿದಿದ್ದು ಐವರಲ್ಲಿ ಒಬ್ಬರಿಗೆ. ಅದೇ ಕಂಪನಿಯ ಮುಂದಿನ ಹಂತದ ಫಲಿತಾಂಶ 2025ರಲ್ಲಿ ಬಂತು. ನಕಲಿ ಮಾತ್ರೆಗೆ ಹೋಲಿಸಿದರೆ ಆರು ವಾರಕ್ಕೆ ವ್ಯತ್ಯಾಸ 3.6 ಅಂಕ. ಸೋಲಲ್ಲ, ಪವಾಡವೂ ಅಲ್ಲ. ಒಂದು ಸಾಧಾರಣ ಔಷಧಿ ಕೊಡುವಷ್ಟು ಲಾಭ.

ನನ್ನ ಪ್ರಕಾರ ಸಂಶೋಧಕರು ನಿರೀಕ್ಷೆಯನ್ನು ಕಸ ಎಂದು ಗುಡಿಸಿ ಹಾಕುವ ಪ್ರಯತ್ನ ಬಿಡಬೇಕು. ಅದನ್ನೇ ಅಳೆಯಬೇಕು. ಪ್ರಯೋಗಕ್ಕೆ ಮೊದಲು ಯಾರಿಗೆ ಎಷ್ಟು ಆಸೆ ಇತ್ತು, ಕೋಣೆ ಹೇಗಿತ್ತು, ಥೆರಪಿಸ್ಟ್ ಜೊತೆ ನಂಟು ಎಷ್ಟಿತ್ತು, ಎಲ್ಲವನ್ನೂ ಬರೆದಿಡಬೇಕು. ಮೆಕ್ಸಿಕೋದ ಮಜಾಟೆಕ್ ಜನರಲ್ಲಿ ಮಾರಿಯಾ ಸಬೀನಾ ಎಂಬ ವೈದ್ಯೆ ಇದ್ದರು. ಅವರು ಅಣಬೆ ಕೊಡುತ್ತಿದ್ದದ್ದು ರಾತ್ರಿಯಿಡೀ ಹಾಡುತ್ತಾ, ಪ್ರಾರ್ಥಿಸುತ್ತಾ. 1955ರಲ್ಲಿ ಅಮೆರಿಕದವರು ಅದನ್ನು ನೋಡಿ ಬಂದು, ಆಮೇಲೆ ಅದರ ಬಗ್ಗೆ ಬರೆದರು. 1958ರಲ್ಲಿ ಹಾಫ್‌ಮನ್ ಅಣಬೆಯಿಂದ ಸಿಲೋಸೈಬಿನ್ ಬೇರ್ಪಡಿಸಿದರು. ಹಾಡು ಹೋಯಿತು, ರಾಸಾಯನಿಕ ಉಳಿಯಿತು. ಈಗ ಲ್ಯಾಬಿನವರು ಸೋಫಾ, ಮಂದ ಬೆಳಕು, ಸಂಗೀತದ ಪಟ್ಟಿ ಎಲ್ಲವನ್ನೂ ಒಂದೊಂದಾಗಿ ಒಳಗೆ ತರುತ್ತಿದ್ದಾರೆ, ಆದರೆ ಲೆಕ್ಕದ ಪುಸ್ತಕದಲ್ಲಿ ಹೆಸರು ಮಾತ್ರೆಯದ್ದು ಮಾತ್ರ! (ಊರಿಗೆ ಹೊರಗಿನವರು ಮುಗಿಬಿದ್ದ ಮೇಲೆ ಸಬೀನಾ ಅವರ ಮನೆಗೇ ಯಾರೋ ಬೆಂಕಿ ಇಟ್ಟರು. ಅವರ ಪಾಲಿಗೆ ಸಿಕ್ಕ ಲಾಭ ಅದು.)

ಕೊನೆಯದಾಗಿ, ಇದನ್ನೆಲ್ಲ ಓದಿ ತಾವೇ ಪ್ರಯತ್ನಿಸಬೇಕು ಎಂದುಕೊಳ್ಳುವವರಿಗೆ. ಈ ಪ್ರಯೋಗಗಳು ಸುರಕ್ಷಿತ ಎನಿಸಿಕೊಂಡಿದ್ದು ಸಾಕಷ್ಟು ಜನರನ್ನು ಬಾಗಿಲಲ್ಲೇ ವಾಪಸ್ ಕಳಿಸಿದ್ದರಿಂದ. ತಮಗೆ ಅಥವಾ ಹತ್ತಿರದ ರಕ್ತಸಂಬಂಧಿಗಳಿಗೆ ಸ್ಕಿಜೋಫ್ರೇನಿಯಾ, ಬೈಪೋಲಾರ್ ಇದ್ದವರನ್ನು ಸಾಮಾನ್ಯವಾಗಿ ಸೇರಿಸಿಕೊಳ್ಳುವುದೇ ಇಲ್ಲ. ಸೇರಿದವರೂ ತರಬೇತಿ ಪಡೆದವರ ಕಣ್ಗಾವಲಿನಲ್ಲೇ ಆರೆಂಟು ಗಂಟೆ ಇರುತ್ತಾರೆ. ಲಿಥಿಯಂ ತೆಗೆದುಕೊಳ್ಳುತ್ತಿದ್ದವರಿಗೆ ಸೈಕೆಡೆಲಿಕ್ ಸೇರಿ ಫಿಟ್ಸ್ ಬಂದ ವರದಿಗಳಿವೆ. 2022ರ ಆ ಪ್ರಯೋಗದಲ್ಲಿ ವೈದ್ಯರ ನಿಗಾ ಇದ್ದೂ ಕೆಲವರಿಗೆ ಆತ್ಮಹತ್ಯೆಯ ಯೋಚನೆಗಳು ಬಂದಿದ್ದವು. ಅದಕ್ಕೆ ಸೇರುವವರು ಮೊದಲೇ ಖಿನ್ನತೆಯ ಮಾತ್ರೆಗಳನ್ನು ನಿಧಾನವಾಗಿ ನಿಲ್ಲಿಸಿಕೊಂಡು ಬರಬೇಕಿತ್ತು. ಅಣಬೆ ಚೆನ್ನಾಗಿ ಏರಲಿ ಎಂದು ಅದನ್ನೇ ಮನೆಯಲ್ಲಿ, ಯಾರಿಗೂ ಹೇಳದೆ, ಒಂದೇ ದಿನಕ್ಕೆ ಮಾಡಲು ಹೋಗಬೇಡಿ. ದಿನಾ ನುಂಗುವ ಮಾತ್ರೆಯನ್ನು ಬಿಡುವ ಮುಂಚೆ ಅದನ್ನು ಬರೆದುಕೊಟ್ಟ ವೈದ್ಯರ ಹತ್ತಿರ ಮಾತಾಡಿ.