ಠಾಣೆಯಂಗಳದ ಕ್ಲಾಸಿಕ್ ಕಾರ್ಖಾನೆ

ಮುಂಬೈನ ಕುರ್ಲಾದಲ್ಲಿ ಪದ್ಮಿನಿ ಕಾರಿನ ತಯಾರಿಕೆ ನಿಂತು ಸುಮಾರು ಕಾಲು ಶತಮಾನವಾಯಿತು. ಮಾರುತಿ 800 ನಿಂತದ್ದು 2014ರ ಜನವರಿಯಲ್ಲಿ, ಉತ್ತರಪಾರಾದ ಅಂಬಾಸಡರ್ ಅದೇ ವರ್ಷದ ಮೇ ತಿಂಗಳಲ್ಲಿ. ಹಾಗಂತ ಹಳೇ ಕಾರುಗಳ ಉತ್ಪಾದನೆಯೇ ನಿಂತುಹೋಯಿತು ಎಂದು ಕೊರಗುವವರು ಪೊಲೀಸ್ ಠಾಣೆಯ ಹಿಂಭಾಗಕ್ಕೆ ಒಮ್ಮೆಯೂ ಹೋಗಿಲ್ಲವೆಂದು ಕಾಣುತ್ತದೆ. ಅಲ್ಲಿ ಕಾರ್ಖಾನೆ ಹಗಲೂ ರಾತ್ರಿ ನಡೆಯುತ್ತಿದೆ. ಕರೆಂಟು ಬೇಡ, ಕಾರ್ಮಿಕರು ಬೇಡ, ಮುಷ್ಕರದ ಭಯವಿಲ್ಲ. ಬೇಕಾದ ಕಚ್ಚಾ ಮಾಲು ಇಷ್ಟೇ: ನೆಟ್ಟಗೆ ಓಡಾಡಿಕೊಂಡಿದ್ದು ಯಾವುದೋ ಪ್ರಕರಣದಲ್ಲಿ ಜಪ್ತಿಯಾದ ಒಂದು ಕಾರು.

ಉತ್ಪಾದನೆ ಮಹಜರಿನಿಂದ ಶುರು. ಬಣ್ಣ, ನೋಂದಣಿ ಸಂಖ್ಯೆ, ಎಂಜಿನ್ ನಂಬರು, ಚಾಸಿ ನಂಬರು ಬರೆದು ಪಂಚರ (ಸಾಕ್ಷಿಗಳ) ಸಹಿ ಹಾಕಿಸಿ, ಮುಂದಿನ ಗಾಜಿನ ಮೇಲೆ ಪೇಂಟಿನಲ್ಲಿ ಅಪರಾಧ ಸಂಖ್ಯೆ ಬರೆಯುತ್ತಾರೆ. ಈ ಪೇಂಟಿನ ಗುಣಮಟ್ಟವನ್ನು ಮೆಚ್ಚಲೇಬೇಕು. ಕಾರಿನ ಬಣ್ಣ ಹೋಗಿ, ತಗಡು ಹೋಗಿ, ಸೀಟಿನ ಸ್ಪ್ರಿಂಗು ಹೊರಬಂದರೂ ಆ ಸಂಖ್ಯೆ ಮಾತ್ರ ನಿನ್ನೆ ಬರೆದಂತೆ ಹೊಳೆಯುತ್ತಿರುತ್ತದೆ. ಆರೋಪಿ ಜಾಮೀನು ಪಡೆದು, ಮದುವೆಯಾಗಿ, ಮಕ್ಕಳನ್ನು ಶಾಲೆಗೆ ಸೇರಿಸುವಷ್ಟರಲ್ಲಿ ಕಾರು ಮೊದಲ ಹಂತ ಮುಗಿಸಿರುತ್ತದೆ.

ಮುಂದಿನದು ಪ್ರದೇಶಕ್ಕೆ ತಕ್ಕಂತೆ. ಕರಾವಳಿ ಘಟಕದ ವಿಶೇಷತೆ ಉಪ್ಪುಗಾಳಿ. ಬಾಗಿಲ ಕೆಳಗಿನ ಸಿಲ್ ನಾಲ್ಕು ಮಳೆಗಾಲದಲ್ಲಿ ಹಪ್ಪಳವಾಗುತ್ತದೆ. ಮಲೆನಾಡಿನ ಘಟಕದಲ್ಲಿ ರಬ್ಬರ್ ಬೀಡಿಂಗಿನ ಮೇಲೆ ಹಾವಸೆ, ಕಾರ್ಪೆಟ್ಟಿನಡಿ ಎರೆಹುಳು. ಕಲಬುರಗಿ ಕಡೆಯ ಘಟಕ ಡ್ಯಾಶ್‌ಬೋರ್ಡನ್ನು ಬಿಸಿಲಲ್ಲೇ ಸೀಳುತ್ತದೆ, ತಗಡನ್ನು ಮಾತ್ರ ಗಟ್ಟಿಯಾಗಿ ಉಳಿಸಿಕೊಡುತ್ತದೆ. ಕೊಳ್ಳುವ ಮನಸ್ಸಿದ್ದವರು ಬಯಲುಸೀಮೆಯ ಮಾಲನ್ನೇ ಹುಡುಕಬೇಕು. ಬೇವಿನ ಸಸಿ ಬಾನೆಟ್ಟಿನಿಂದ ಎದ್ದಿದೆಯೋ ಡಿಕ್ಕಿಯಿಂದಲೋ ಎಂಬುದನ್ನು ಗಮನಿಸಿ. ಬಾನೆಟ್ಟಿನಿಂದ ಎದ್ದಿದ್ದರೆ ಎಂಜಿನ್ನಿನ ಜಾಗ ಖಾಲಿ ಇದೆ, ಬೇರಿಗೆ ಧಾರಾಳ ಜಾಗ ಸಿಕ್ಕಿದೆ ಎಂದರ್ಥ.

ಬಿಡಿಭಾಗ ಕಳಚುವ ವಿಭಾಗದ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ. ಮೊದಲು ಬ್ಯಾಟರಿ, ಆಮೇಲೆ ಸ್ಟೀರಿಯೊ, ಸ್ಟೆಪ್ನಿ, ಕಾರ್ಬ್ಯುರೇಟರ್, ಡೈನಮೊ. ವಿಚಾರಿಸಿದರೆ ಸಿಗುವ ಉತ್ತರ ಇಲಿ. ವೈರಿಂಗ್ ತಿಂದದ್ದು ಇಲಿಯೇ, ಅದರಲ್ಲಿ ಅನುಮಾನವಿಲ್ಲ. ಆದರೆ ನಾಲ್ಕು ಬೋಲ್ಟು ಬಿಚ್ಚಿ, ಜಾಕ್ ಕೊಟ್ಟು, ಚಕ್ರ ಕಳಚಿ, ಅಡಿಗೆ ಇಟ್ಟಿಗೆ ಇಟ್ಟು ಹೋಗುವ ಇಲಿ ನಮ್ಮ ಇಲಾಖೆಯ ಹೆಮ್ಮೆ.

ಕಾನೂನು ಕಾರ್ಖಾನೆಯ ವೇಗಕ್ಕೆ ಅಡ್ಡಿ ಬರಲು ನೋಡಿದ್ದೂ ಉಂಟು. ಸುಂದರ್‌ಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ 2002ರಲ್ಲೇ ಸುಪ್ರೀಂ ಕೋರ್ಟು ಜಪ್ತಿ ವಾಹನಗಳನ್ನು ಠಾಣೆಯಲ್ಲಿ ದೀರ್ಘಕಾಲ ಇಟ್ಟುಕೊಂಡು ಪ್ರಯೋಜನವಿಲ್ಲ, ಬಾಂಡು, ಭದ್ರತೆ ಪಡೆದು ಬಿಟ್ಟುಕೊಡಿ, ಮಾಲೀಕರೂ ವಿಮಾ ಕಂಪನಿಯೂ ಬಾರದಿದ್ದರೆ ಹರಾಜು ಹಾಕಿ, ಆರು ತಿಂಗಳೊಳಗೆ ಆದೇಶ ಆಗಲಿ ಎಂದಿತು. ಆರು ತಿಂಗಳು ಎಂದರೆ ಯಾವ ಪಂಚಾಂಗದ ಆರು ತಿಂಗಳು ಎಂದು ಸ್ಪಷ್ಟಪಡಿಸದಿದ್ದುದರಿಂದ ಅಂಗಳಗಳು ತುಂಬುತ್ತಲೇ ಹೋದವು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 497ನೇ ಕಲಂ ಇನ್ನೂ ಅವಸರದ್ದು: 14 ದಿನದಲ್ಲಿ ಮಾಲಿನ ವಿವರಪಟ್ಟಿ, ಫೋಟೊ ಅಥವಾ ವಿಡಿಯೊ, ಆಮೇಲೆ 30 ದಿನದಲ್ಲಿ ವಿಲೇವಾರಿ ಆದೇಶ.

ನಿಜವಾದ ಜಾಣತನ ಇರುವುದು ಅದೇ ಸಂಹಿತೆಯ 505ನೇ ಕಲಮಿನಲ್ಲಿ. ವಾರಸುದಾರ ಪತ್ತೆಯಿಲ್ಲದ ಮಾಲು ಬೇಗ ಕೊಳೆಯುವಂಥದ್ದಾಗಿದ್ದರೆ, ಇಲ್ಲವೇ ಬೆಲೆ 10,000 ರೂಪಾಯಿಗಿಂತ ಕಡಿಮೆಯಿದ್ದರೆ, ಮ್ಯಾಜಿಸ್ಟ್ರೇಟರು ಯಾವಾಗ ಬೇಕಾದರೂ ಮಾರಿಸಬಹುದು. ಕಾರು ಟೊಮೆಟೊ ಅಲ್ಲವಾದ್ದರಿಂದ ಕೊಳೆಯುವ ಮಾಲಿನ ಪಟ್ಟಿಗೆ ಸೇರದು. ಆದರೆ ಎರಡು ಲಕ್ಷದ ಕಾರನ್ನು ತಾಳ್ಮೆಯಿಂದ ಮಳೆಯಲ್ಲಿ ನಿಲ್ಲಿಸಿದರೆ ಒಂದಲ್ಲ ಒಂದು ದಿನ ಅದರ ಬೆಲೆ 10,000ದ ಕೆಳಗೆ ಇಳಿದೇ ಇಳಿಯುತ್ತದೆ. ಆಗ ಮಾರಾಟ ಸಲೀಸು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 459ನೇ ಕಲಮಿನಲ್ಲಿ ಈ ಮಿತಿ ಬರೀ 500 ರೂಪಾಯಿ ಇತ್ತು. ಕಾರನ್ನು 500 ರೂಪಾಯಿಗೆ ಇಳಿಸುವುದು ಎಷ್ಟು ಮಳೆಗಾಲದ ಕೆಲಸ, ಯೋಚಿಸಿ. ಸುಧಾರಣೆ ಎಂದರೆ ಇದು.

ಅಂತೂ ಒಂದು ದಿನ ಪತ್ರಿಕೆಯ ಒಳಪುಟದಲ್ಲಿ 'ವಾರಸುದಾರರಿಲ್ಲದ ವಾಹನಗಳ ಬಹಿರಂಗ ಹರಾಜು' ಪ್ರಕಟಣೆ ಬರುತ್ತದೆ. ಅದನ್ನು ಓದುವವರು ಮೊದಲು ಹುಡುಕಬೇಕಾದದ್ದು ಕಾರಿನ ಹೆಸರನ್ನಲ್ಲ, ಮಾರುತ್ತಿರುವುದು ವಾಹನವನ್ನೋ ಗುಜರಿಯನ್ನೋ ಎಂಬುದನ್ನು. ಗುಜರಿ ಎಂದಿದ್ದರೆ ಆ ಕಾರು ಮತ್ತೆ ರಸ್ತೆಗೆ ಬರುವಂತಿಲ್ಲ, ನೋಂದಣಿ ರದ್ದು. ಎಷ್ಟೋ ಹರಾಜುಗಳಲ್ಲಿ ಬಿಡ್ ಹಾಕಲು ನೋಂದಾಯಿತ ಸ್ಕ್ರ್ಯಾಪ್ ಘಟಕದವರಿಗಷ್ಟೇ ಅವಕಾಶ. ಆಮೇಲೆ ನೋಡಬೇಕಾದದ್ದು ಲಾಟು. ಒಂದು ಪದ್ಮಿನಿಯನ್ನು ಐವತ್ತು ಬೈಕು, ಎರಡು ಆಟೊಗಳ ಜೊತೆ ಕಟ್ಟಿ ಒಂದೇ ಲಾಟು ಮಾಡಿದ್ದರೆ, ಪದ್ಮಿನಿ ಬೇಕಾದವನು ಐವತ್ತು ಬೈಕಿನ ಸಂಸಾರವನ್ನೂ ಮನೆಗೆ ಕರೆದೊಯ್ಯಬೇಕು. ಗುಜರಿಯವರಿಗೆ ಇದು ಲೆಕ್ಕವೇ ಅಲ್ಲ. ಅವರು ಕೆಜಿ ಲೆಕ್ಕದಲ್ಲಿ ಯೋಚಿಸುತ್ತಾರೆ, ಪರಸ್ಪರ ಕಣ್ಣಲ್ಲೇ ಮಾತಾಡಿಕೊಂಡು ಸವಾಲು ಏರಿಸುತ್ತಾರೆ. ಹೊಸಬ ಕೈ ಎತ್ತಿದರೆ ಮಾತ್ರ ಬೆಲೆ ಸರ್ರನೆ ಮೇಲೇರುತ್ತದೆ.

ಪರಿಶೀಲನೆಗೆ ಒಂದೆರಡು ದಿನ ಕೊಡುತ್ತಾರೆ. ಕೀಲಿ ಕೇಳಬೇಡಿ, ಅದು ಮುದ್ದೆಮಾಲಿನ (ಜಪ್ತಿ ವಸ್ತುಗಳ) ಕೋಣೆಯಲ್ಲಿ ಯಾವುದೋ ಅರಗು ಹಾಕಿದ ಕವರಿನಲ್ಲಿದೆ. ಟಾರ್ಚು, ಬಟ್ಟೆ ಸುತ್ತಿದ ಆಯಸ್ಕಾಂತ, ಸ್ಕ್ರೂಡ್ರೈವರು, ಸಣ್ಣ ಜಾಕು, ವೈರ್ ಬ್ರಶ್ಶು ಜೊತೆಗಿರಲಿ. ಆಯಸ್ಕಾಂತ ಅಂಟದ ಕಡೆ ತಗಡಿಲ್ಲ, ತೂತು ಮುಚ್ಚಿದ ಪುಟ್ಟಿ ಇದೆ. ಪದ್ಮಿನಿ, ಅಂಬಾಸಡರ್, 800 ಮೂರಕ್ಕೂ ಲಾರಿಯ ಹಾಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ಆದ್ದರಿಂದ ಸಿಲ್ಲು, ಫ್ಲೋರು, ಬ್ಯಾಟರಿ ತಟ್ಟೆಯ ಅಡಿ ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಬೇಕು. ಠಾಣೆಯವರು ಅವಕಾಶ ಕೊಟ್ಟರೆ ಒಂದು ಬದಿ ಜಾಕ್ ಕೊಟ್ಟು ಎತ್ತಿ ಬಾಗಿಲು ತೆರೆದು ಮುಚ್ಚಿ ನೋಡಿ. ಎತ್ತಿದಾಗ ಬಾಗಿಲು ಕಚ್ಚಿಕೊಂಡರೆ ಕಾರಿನ ಬೆನ್ನುಮೂಳೆ ಮುರಿದಿದೆ, ಟಿಂಕರಿಂಗ್ ಬಿಲ್ಲು ಕಾರಿನ ಬೆಲೆಯ ಹತ್ತು ಪಟ್ಟಾದರೂ ಆಶ್ಚರ್ಯವಿಲ್ಲ. ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ಲು ಹಾಲು ಹಾಕಿದ ಚಹಾದಂತಿದ್ದರೆ ಎಂಜಿನ್ನಿನೊಳಗೆ ನೀರಿದೆ. ಎಲ್ಲಕ್ಕಿಂತ ಮುಖ್ಯವಾಗಿ ಚಾಸಿ ನಂಬರನ್ನು ಬ್ರಶ್ಶಿನಿಂದ ಮೆಲ್ಲಗೆ ಉಜ್ಜಿ, ಕಾಗದವಿಟ್ಟು ಪೆನ್ಸಿಲ್ ಅಚ್ಚು ತೆಗೆದು ಪ್ರಕಟಣೆಯ ಸಂಖ್ಯೆಗೆ ಹೋಲಿಸಿ. ಒಂದು ಅಂಕಿಯನ್ನು ತುಕ್ಕು ತಿಂದಿದ್ದರೂ ಆರ್‌ಟಿಒ ಕಚೇರಿಯಲ್ಲಿ ಆ ಕಾರು ಇನ್ನೊಬ್ಬರದ್ದು.

ಸವಾಲು ಗೆದ್ದವರಿಗೆ 'ಇದ್ದ ಸ್ಥಿತಿಯಲ್ಲಿ, ಇದ್ದ ಜಾಗದಲ್ಲಿ' ಎಂಬ ಷರತ್ತಿನೊಂದಿಗೆ ಕಾರು ಕೈಸೇರುತ್ತದೆ. ಇದ್ದ ಜಾಗ ಎಂದರೆ ಮರಳು ಲಾರಿಯೊಂದರ ಹಿಂದೆ. ಆ ಲಾರಿಯ ಮೊಕದ್ದಮೆ ಇನ್ನೂ ನಡೆಯುತ್ತಿದೆ, ಅದನ್ನು ಸರಿಸುವಂತಿಲ್ಲ. ಕ್ರೇನ್ ಬಾಡಿಗೆ ಕಾರಿನ ಬೆಲೆಯನ್ನು ಮೀರಿಸುವುದು ಇಲ್ಲೇ.

ಹೊರಬಂದ ಕಾರನ್ನು ಉತ್ಸಾಹದಲ್ಲಿ ಹಗ್ಗ ಕಟ್ಟಿ ಎಳೆದು ಸ್ಟಾರ್ಟ್ ಮಾಡಲು ಹೋಗಬಾರದು. ವರ್ಷಗಟ್ಟಲೆ ನಿಂತ ಎಂಜಿನ್ನಿನಲ್ಲಿ ಪಿಸ್ಟನ್ನಿನ ರಿಂಗುಗಳು ಸಿಲಿಂಡರಿನ ಒಳಗೋಡೆಗೆ ತುಕ್ಕುಹಿಡಿದು ಅಂಟಿರುತ್ತವೆ, ಜಗ್ಗಿದರೆ ಮುರಿಯುತ್ತವೆ. ನಾಲ್ಕೂ ಪ್ಲಗ್ಗು ಬಿಚ್ಚಿ (800ಕ್ಕಾದರೆ ಮೂರು), ಪ್ರತಿ ಸಿಲಿಂಡರಿಗೆ ಡೀಸೆಲ್ಲು, ಎಂಜಿನ್ ಆಯಿಲ್ಲು ಸಮಸಮ ಬೆರೆಸಿ ಎರಡು ಚಮಚ ಬಿಟ್ಟು, ಮೂರು ನಾಲ್ಕು ದಿನ ಹಾಗೇ ಬಿಡಬೇಕು. ಹಳೆಯ ಅಂಬಾಸಡರ್ ಆದರೆ ಮುಂದಿನಿಂದ ಹ್ಯಾಂಡಲ್ ಹಾಕಿ, ಉಳಿದವಕ್ಕೆ ಟಾಪ್ ಗೇರಿನಲ್ಲಿಟ್ಟು ಕಾರನ್ನು ಹಿಂದೆ ಮುಂದೆ ಅಲ್ಲಾಡಿಸಿ ಬಿಡಿಸಬೇಕು. ಟ್ಯಾಂಕಿನಲ್ಲಿ ಉಳಿದ ಪೆಟ್ರೋಲು ಅಂಟಾಗಿರುತ್ತದೆ. ಟ್ಯಾಂಕು ಇಳಿಸಿ, ಸರಪಳಿ ತುಂಡು ಹಾಕಿ ಕುಲುಕಿ ತೊಳೆಯಬೇಕು. ವೀಲ್ ಸಿಲಿಂಡರು ಜಾಮ್ ಆಗಿರುತ್ತದೆ, ಬ್ರೇಕಿನ ರಬ್ಬರು ಕಿಟ್ಟು ಪೂರ್ತಿ ಹೊಸದೇ ಹಾಕಬೇಕು. ಕ್ಲಚ್ ಪ್ಲೇಟು ಫ್ಲೈವೀಲಿಗೆ ಕಚ್ಚಿಕೊಂಡಿರುತ್ತದೆ. ಕಳೆದುಹೋದ ಡೆಲ್ಕೊ (ಪ್ಲಗ್ಗುಗಳಿಗೆ ಕರೆಂಟು ಹಂಚುವ ಭಾಗ), ಕಾರ್ಬ್ಯುರೇಟರು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ ಶಿವಾಜಿನಗರದ ಗುಜರಿಯಲ್ಲೋ ಸಿಕ್ಕೀತು. ಸಿಕ್ಕದ್ದು ನಿಮ್ಮ ಕಾರಿನದ್ದೇ ಇದ್ದರೂ ಇರಬಹುದು. ಚೌಕಾಸಿ ಮಾಡುವಾಗ ಆ ಅನುಮಾನ ಮುಖದಲ್ಲಿ ಕಾಣಿಸದಿರಲಿ.

ಇನ್ನು ಮಾರಾಟೋತ್ತರ ಸೇವೆ. ಕೇಂದ್ರ ಮೋಟಾರು ವಾಹನ ನಿಯಮ 57ರ ಪ್ರಕಾರ ಕಾರು ಕೈಸೇರಿದ 30 ದಿನದೊಳಗೆ ಫಾರಂ 32, ಹರಾಜು ಖಾಯಂ ಮಾಡಿದ ಆದೇಶದ ದೃಢೀಕೃತ ಪ್ರತಿ, ವಿಮೆ, ಆರ್‌ಸಿ ಸಲ್ಲಿಸಬೇಕು. ಕದ್ದ ಕಾರಿನ ಜೊತೆ ಆರ್‌ಸಿಯನ್ನೂ ಕಳ್ಳನೇ ತಂದುಕೊಡುವ ಪದ್ಧತಿ ನಮ್ಮಲ್ಲಿಲ್ಲ. ಕಾರಿಗೆ ನಂಬರೇ ಇಲ್ಲದಿದ್ದರೆ, ಇಲ್ಲವೇ ಇದ್ದ ನಂಬರು ಸುಳ್ಳಾಗಿದ್ದರೆ, ಮೊದಲು ಹರಾಜು ಹಾಕಿದ ಇಲಾಖೆಯ ಹೆಸರಿಗೇ ಹೊಸ ನಂಬರು ಕೊಟ್ಟು, ಬಳಿಕ ಕೊಂಡವನಿಗೆ ವರ್ಗಾಯಿಸಬೇಕು. ಅಂದರೆ ದಾಖಲೆಯಲ್ಲಿ ಆ ಕಾರಿನ ಮೊದಲ ಯಜಮಾನರು ಪೊಲೀಸರು. 'ಒಬ್ಬರೇ ಮಾಲೀಕರು, ಕಡಿಮೆ ಓಡಿದ್ದು' ಎಂದು ಮುಂದೆ ಜಾಹೀರಾತು ಕೊಡಲು ಅಡ್ಡಿಯಿಲ್ಲ.

ವಿಂಟೇಜ್ ಎಂದು ಬರೆಸಿಕೊಂಡು ಪಾರಾಗೋಣವೆಂದರೆ, 2021ರ ನಿಯಮ ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಬಾಡಿ, ಎಂಜಿನ್ ಮೂಲ ರೂಪದಲ್ಲೇ ಇರಬೇಕು ಎನ್ನುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಮಾನ್ಯತೆ, 'ವಿಎ' ಅಕ್ಷರಗಳಿರುವ ನಂಬರ್ ಪ್ಲೇಟು. ಅದರಲ್ಲಿ ಪ್ರದರ್ಶನಕ್ಕೆ, ರ‍್ಯಾಲಿಗೆ, ಪೆಟ್ರೋಲು ಹಾಕಿಸಲು, ರಿಪೇರಿಗೆ ಹೋಗಬಹುದು, ದಿನಬಳಕೆಗಿಲ್ಲ. ಮಾರುಕಟ್ಟೆಗೆ ಸೊಪ್ಪು ತರಲು ಹೋಗುವವರು ದಾರಿಯಲ್ಲಿ ಎರಡು ಲೀಟರ್ ಪೆಟ್ರೋಲು ಹಾಕಿಸಿ ರಸೀದಿ ಇಟ್ಟುಕೊಳ್ಳುವುದು ಕ್ಷೇಮ. ಅಂಗಳದ ಬಹುಪಾಲು ಕಾರುಗಳಿಗಂತೂ ಇನ್ನೂ ಐವತ್ತು ತುಂಬಿಲ್ಲ. ಇನ್ನೊಂದು ಮೊಕದ್ದಮೆಯಷ್ಟು ಕಾಲ ಅಲ್ಲೇ ಬಿಟ್ಟಿದ್ದರೆ ತುಂಬುತ್ತಿತ್ತು.

ಕೊನೆಗೆ ಆರ್‌ಟಿಒ ಇನ್‌ಸ್ಪೆಕ್ಟರು ಕಾರನ್ನು ಕಣ್ಣಾರೆ ನೋಡಬೇಕು, ಕಚೇರಿಗೆ ತನ್ನಿ ಎನ್ನುತ್ತಾರೆ. ನೋಂದಣಿ ಇಲ್ಲದ ಗಾಡಿಯನ್ನು ರಸ್ತೆಯಲ್ಲಿ ಓಡಿಸುವಂತಿಲ್ಲ, ತೋರಿಸದೆ ನೋಂದಣಿ ಆಗುವಂತಿಲ್ಲ. ಟ್ರಕ್ಕಿನ ಮೇಲೆ ಹೇರಿಕೊಂಡು ಹೋಗುವುದೊಂದೇ ದಾರಿ. ಬಾಡಿಗೆ ಉಳಿಸಲು ಎರಡು ಕಿಲೋಮೀಟರ್ ಓಡಿಸಿಕೊಂಡೇ ಹೋಗೋಣ ಎಂದು ಹೊರಟವರನ್ನು ಮೋಟಾರು ವಾಹನ ಕಾಯ್ದೆಯ 207ನೇ ಕಲಮಿನಡಿ ತಡೆದು ಗಾಡಿ ಜಪ್ತಿ ಮಾಡಬಹುದು. ಅಂಗಳದಲ್ಲಿ ಮರಳು ಲಾರಿಯ ಹಿಂದಿನ ಜಾಗ ಖಾಲಿಯೇ ಇದೆ. ಗಾಜಿನ ಮೇಲಿನ ಹಳೇ ಅಪರಾಧ ಸಂಖ್ಯೆ ಹೇಗೂ ಅಳಿಸಿಲ್ಲ, ಹೊಸದನ್ನು ಅದರ ಕೆಳಗೇ ಬರೆದುಕೊಳ್ಳಬಹುದು.