ಅದು ಬರ್ತಿಲ್ಲ

ಹೋದ ಸಲ ರಜೆಗೆ ಹಾಸನಕ್ಕೆ ಬಂದಾಗ ಅಮ್ಮನ ಬಿಪಿ ಮಾತ್ರೆ ಮುಗಿದಿತ್ತು. ಮನೆ ಹತ್ತಿರದ ಮೆಡಿಕಲ್ಸ್‌ಗೆ ಹೋಗಿ ಚೀಟಿ ಕೊಟ್ಟೆ. ಹುಡುಗ ಒಂದು ಸಲ ನೋಡಿದ. "ಬರ್ತಿಲ್ಲ" ಅಂದ. ಚೀಟಿಯನ್ನು ನನ್ನ ಕಡೆ ಸರಿಸಿ ಮೊಬೈಲ್ ನೋಡತೊಡಗಿದ.

ಟೋಕಿಯೊ ಸೇರಿ ಒಂಬತ್ತು ವರ್ಷವಾಯಿತು. ಅದಕ್ಕೆ ಮೊದಲು ಈ ಮಾತು ನೂರು ಸಲ ಕೇಳಿದ್ದೇನೆ, ಏನೂ ಅನಿಸಿರಲಿಲ್ಲ. ಈ ಸಲ ಚುಚ್ಚಿತು.

ಸಾಮಾನು ಇಲ್ಲದಿದ್ದರೆ ಟೋಕಿಯೊದ ಅಂಗಡಿಯವರು "ಮೋಶಿವಾಕೆ ಗೊಜಾಇಮಾಸೆನ್, ಕಿರಾಶಿತೆ ಒರಿಮಾಸು" ಅನ್ನುತ್ತಾರೆ. ಕ್ಷಮಿಸಿ, ಖಾಲಿ ಮಾಡಿಕೊಂಡು ಕೂತಿದ್ದೇವೆ ಅಂತ. ಗಮನಿಸಿ, ಖಾಲಿ ಆಯ್ತು ಅಲ್ಲ, ಖಾಲಿ ಮಾಡಿಕೊಂಡೆವು. ತಪ್ಪು ಕ್ರಿಯಾಪದದೊಳಗೇ ಇದೆ. ಕೊನೆಯ "ಒರಿಮಾಸು" ಮಾತಾಡುವವನನ್ನು ಒಂದು ಮೆಟ್ಟಿಲು ಕೆಳಗೆ ನಿಲ್ಲಿಸುತ್ತದೆ. "ಗೊತ್ತಿಲ್ಲ" ಅನ್ನಬೇಕಾದರೂ ಅವರು "ವಾಕಾರಿಕಾನೆಮಾಸು" ಅನ್ನುತ್ತಾರೆ. ತಿಳಿಯುವುದು ನನ್ನಿಂದ ಆಗುತ್ತಿಲ್ಲ ಅನ್ನುವ ಧಾಟಿ. 2017ರ ನವೆಂಬರಿನಲ್ಲಿ ತ್ಸುಕುಬಾ ಎಕ್ಸ್‌ಪ್ರೆಸ್ ರೈಲು 20 ಸೆಕೆಂಡ್ ಬೇಗ ಹೊರಟಿತು ಅಂತ ಕಂಪನಿಯವರು ಕ್ಷಮೆ ಕೇಳಿದರು. ಬೇಗ ಹೊರಟಿದ್ದಕ್ಕೆ!

ನಮ್ಮ "ಬರ್ತಿಲ್ಲ"ದಲ್ಲಿ ಯಾರ ತಪ್ಪೂ ಇಲ್ಲ. ಬರದೆ ಇರುವುದು ಮಾತ್ರೆ. ಅದಕ್ಕೇ ಮನಸ್ಸಿಲ್ಲ, ಪಾಪ ಅಂಗಡಿಯವನು ಏನು ಮಾಡುತ್ತಾನೆ? ಬ್ಯಾಂಕಿಗೆ ಹೋದರೆ ಸರ್ವರ್ ಬರ್ತಿಲ್ಲ. ತಾಲ್ಲೂಕು ಆಫೀಸಿಗೆ ಹೋದರೆ ಸಾಹೇಬ್ರು ಬಂದಿಲ್ಲ. ಬಸ್ ಸ್ಟ್ಯಾಂಡಿನ ವಿಚಾರಣೆ ಕಿಟಕಿಯಲ್ಲಿ ಮಾತ್ರ ಎಲ್ಲವೂ "ಬರುತ್ತೆ". ಎಷ್ಟೊತ್ತಿಗೆ ಅಂದರೆ, "ಬರುತ್ತೆ ಇರ್ರೀ".

ಕನ್ನಡಕ್ಕೆ ಈ ನಯ ಗೊತ್ತಿಲ್ಲ ಅಂತಲ್ಲ. ನಮ್ಮಜ್ಜಿ ಡಬ್ಬ ತಳ ಕಂಡಾಗ "ಅಕ್ಕಿ ಹೆಚ್ಚಿದೆ" ಅನ್ನುತ್ತಿದ್ದಳು. ಬಳೆ ಒಡೆದರೆ ಅದೂ ಹೆಚ್ಚಿತು. ಹೊರಡುವಾಗ "ಹೋಗ್ತೀನಿ" ಅಂದರೆ ಈಗಲೂ ಅಮ್ಮ ಗದರುತ್ತಾಳೆ. ನಮ್ಮ ಬೀದಿಯ ಶೆಟ್ಟರೂ ಬೆಲ್ಲ ಇಲ್ಲದಿದ್ದರೆ ಇಲ್ಲ ಅಂದವರಲ್ಲ. "ನಾಳೆ ಒಳ್ಳೇದು ಬರುತ್ತೆ ಕಣಮ್ಮ, ಇವತ್ತು ಬೇಡ" ಅನ್ನುತ್ತಿದ್ದರು. ಅಷ್ಟು ನಯ ಇದ್ದ ಭಾಷೆ ಕೌಂಟರಿನ ಹಿಂದೆ ನಿಂತ ತಕ್ಷಣ ಯಾಕೆ ಇಷ್ಟು ಒಣಗುತ್ತದೆ? ಮಾಲ್‌ಗಳಲ್ಲಿ, ಫೋನಿನಲ್ಲಿ ನಯ ಇದೆ, ಆದರೆ ಅದು "ನಿಮಗೆ ಉಂಟಾದ ಅನಾನುಕೂಲತೆಗೆ ವಿಷಾದಿಸುತ್ತೇವೆ" ಅನ್ನುವ ನಯ. ಹಾಗೆ ಯಾವ ತಾಯಿ ಮಗ ಮಾತಾಡುತ್ತಾರೆ?

ಇದನ್ನೆಲ್ಲ ಅಮ್ಮನ ಎದುರು ಒದರಿದೆ. ಅವಳು ಹೂ ಕಟ್ಟುತ್ತಾ "ಅವನು ಹಂಗೇ, ನೀನು ಸುಮ್ನಿರು" ಅಂದಳು.

ಜಪಾನಿನ ಮಾತಿಗೂ ಇನ್ನೊಂದು ಮುಖ ಇದೆ, ಒಪ್ಪುತ್ತೇನೆ. 2013ರಲ್ಲಿ ಸಪ್ಪೊರೊದಲ್ಲಿ ಒಬ್ಬ ಗಿರಾಕಿ ಬಟ್ಟೆ ಅಂಗಡಿಯ ಕೆಲಸದವರನ್ನು ನೆಲಕ್ಕೆ ಹಣೆ ಹಚ್ಚಿಸಿ ಕ್ಷಮೆ ಕೇಳಿಸಿ, ಫೋಟೊ ಇಂಟರ್ನೆಟ್ಟಿಗೆ ಹಾಕಿ ಅರೆಸ್ಟ್ ಆದಳು. ಗಿರಾಕಿಗಳ ಕಾಟಕ್ಕೆ ಅಲ್ಲಿ "ಕಸುಹಾರಾ" ಅಂತ ಹೆಸರೇ ಇದೆ. ಅದನ್ನು ತಡೆಯಲು 2025ರ ಏಪ್ರಿಲ್‌ನಿಂದ ಟೋಕಿಯೊದಲ್ಲಿ ಕಾನೂನು ಬಂದಿದೆ. ಬಗ್ಗುವವನು ಇದ್ದರೆ ಬಗ್ಗಿಸುವವನೂ ಹುಟ್ಟುತ್ತಾನೆ.

ಇನ್ನೊಂದು ಹೇಳಲು ಮನಸ್ಸಿಲ್ಲ, ಆದರೂ ಹೇಳುತ್ತೇನೆ. ಟೋಕಿಯೊದ ನಮ್ಮ ಮನೆ ಕೆಳಗಿನ ಕೊಂಬಿನಿಗೆ, ಅಂದರೆ ದಿನಬಳಕೆಯ ಸಾಮಾನು ಸಿಗುವ ಸಣ್ಣ ಅಂಗಡಿಗೆ, ದಿನಾ ಹೋಗುತ್ತೇನೆ. 2020ರ ಜುಲೈಯಲ್ಲಿ ಪ್ಲಾಸ್ಟಿಕ್ ಚೀಲಕ್ಕೆ ದುಡ್ಡು ಅಂತಾದ ಮೇಲೆ ಅವರ ಮಾತಿಗೆ "ಚೀಲ ಬಳಸುತ್ತೀರಾ?" ಅನ್ನುವುದು ಸೇರಿತು. ಅದನ್ನೂ ದೊಡ್ಡ ಗೌರವದಲ್ಲೇ ಕೇಳುತ್ತಾರೆ. ಒಂದು ಚಳಿಗಾಲ ಜಾರಿ ಬಿದ್ದು ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಹೋದೆ. ಚೀಲ ಬಳಸುತ್ತೀರಾ? ಆರು ವಾರವೂ ಅದೇ ನಗು, ಅದೇ ಮಾತು. ಕೈಗೆ ಏನಾಯ್ತು ಅಂತ ಒಬ್ಬರೂ ಕೇಳಲಿಲ್ಲ. ಹಾಸನದಲ್ಲಾಗಿದ್ದರೆ ಕೇಳಿ, ಬೈದು, ಯಾವ ಎಣ್ಣೆ ಹಚ್ಚಬೇಕು ಅಂತಲೂ ಹೇಳಿರುತ್ತಿದ್ದರು.

ಮೆಡಿಕಲ್ಸ್ ಹುಡುಗನ ಕತೆ ಮುಗಿದಿಲ್ಲ. ಅವತ್ತು ರಾತ್ರಿ ಎಂಟೂವರೆಗೆ ಗೇಟಿನ ಹತ್ತಿರ ಬೈಕ್ ನಿಂತಿತು. "ಅಮ್ಮಂಗೆ ಮಾತ್ರೆ. ಬಸ್ ಸ್ಟ್ಯಾಂಡ್ ಹತ್ರ ಇನ್ನೊಬ್ಬರ ಅಂಗಡೀಲಿ ಸಿಕ್ತು" ಅಂತ ಎರಡು ಸ್ಟ್ರಿಪ್ ಕೈಗಿಟ್ಟ. ತಂದುಕೊಡ್ತೀನಿ ಅಂತ ಬೆಳಗ್ಗೆ ಒಂದು ಮಾತು ಹೇಳಿದ್ದರೆ ಇವನ ಗಂಟೇನು ಹೋಗುತ್ತಿತ್ತು? ದುಡ್ಡು ಕೊಟ್ಟು ಥ್ಯಾಂಕ್ಸ್ ಹೇಳುವಾಗ ಅಭ್ಯಾಸಬಲ ನೋಡಿ, ಸೊಂಟ ತಾನಾಗಿ ಬಗ್ಗಿತು.

ಅವನು ಬೈಕಿನ ಲೈಟನ್ನು ನನ್ನ ಕಾಲ ಬುಡಕ್ಕೆ ತಿರುಗಿಸಿದ.

"ಏನ್ ಬಿತ್ತು ಅಣ್ಣ?"